ಕಾಳ್ಗಿಚ್ಚಿನ ಹೊತ್ತಿಗೆ ಎಲ್ಲರಿಗೂ ಒಂದೇ ನಕ್ಷೆ

ಪ್ರಶ್ನೆ: ಕಾಳ್ಗಿಚ್ಚು ಹಬ್ಬುವಾಗ ಹಲವರು ಸೇರಿ ಅಂತರ್ಜಾಲದ ಒಂದೇ ನಕ್ಷೆಯನ್ನು ತುಂಬುತ್ತ ಹೋಗುವುದರಿಂದ ನಿಜಕ್ಕೂ ಉಪಯೋಗವಿದೆಯೇ?
– ಓದುಗರೊಬ್ಬರು, ಗುಂಡ್ಲುಪೇಟೆ

ಉತ್ತರ: ಖಂಡಿತ ಇದೆ. 2007ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಸುತ್ತ ಬೆಂಕಿ ಹಬ್ಬಿ ಲಕ್ಷಾಂತರ ಜನ ಮನೆ ಬಿಟ್ಟು ಹೊರಟಾಗ, ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಕೆಪಿಬಿಎಸ್ ಗೂಗಲ್ ನಕ್ಷೆಯೊಂದರ ಮೇಲೆ ಬೆಂಕಿಯ ಅಂಚು, ತೆರವಾಗಬೇಕಾದ ಪ್ರದೇಶಗಳು ಹಾಗೂ ಆಶ್ರಯ ಶಿಬಿರಗಳನ್ನು ಗುರುತಿಸುತ್ತ ಹೋಯಿತು. ಅದು ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ವೀಕ್ಷಣೆ ಕಂಡಿತು. ರೇಡಿಯೊದಲ್ಲಿ ಕೇಳುವಾಗ ತಪ್ಪಿಹೋಗುವ ಊರಿನ ಹೆಸರು ನಕ್ಷೆಯಲ್ಲಿ ಉಳಿದಿರುತ್ತದೆ ಎಂಬುದೇ ಅದರ ದೊಡ್ಡ ಬಲ.

ಆದರೆ ನಕ್ಷೆಯ ಚುಕ್ಕೆಗಳನ್ನು ಎಚ್ಚರದಿಂದ ಓದಬೇಕು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಕಳುಹಿಸುವ ಬೆಂಕಿ ಎಚ್ಚರಿಕೆಗಳಿಗೆ ಆಧಾರವಾದ ವಿಐಐಆರ್‌ಎಸ್ ಉಪಗ್ರಹ ಸಂವೇದಕದಲ್ಲಿ ಒಂದು ಚುಕ್ಕೆಯೆಂದರೆ ಸುಮಾರು 375 ಮೀಟರ್ ಅಗಲದ ಚೌಕದ ನಡುಬಿಂದು. ಬೆಂಕಿ ಆ ಚೌಕದ ಯಾವ ಮೂಲೆಯಲ್ಲಾದರೂ ಇರಬಹುದು. ಉಪಗ್ರಹ ಮತ್ತೆ ಹಾದುಬರುವಷ್ಟರಲ್ಲಿ ಗಾಳಿ ಅದನ್ನು ಮುಂದಿನ ಗುಡ್ಡಕ್ಕೆ ಒಯ್ದಿರಲೂಬಹುದು. ಆದ್ದರಿಂದ ಬೆಂಕಿರೇಖೆಯ (ಬೆಂಕಿ ದಾಟದಂತೆ ಗಿಡಗಂಟಿ ತೆಗೆದ ಪಟ್ಟಿ) ಬಳಿ ನಿಂತ ಕಾವಲುಗಾರರು ಕಣ್ಣಾರೆ ಕಂಡದ್ದನ್ನು ವೇಳೆಯ ಸಮೇತ ಅದೇ ನಕ್ಷೆಗೆ ಸೇರಿಸುವುದು, ನಕ್ಷೆಯನ್ನು ತಿದ್ದುವ ಅಧಿಕಾರ ಯಾರೆಂದು ಗೊತ್ತಿರುವ ಕೆಲವರ ಕೈಯಲ್ಲಷ್ಟೇ ಇರುವುದು ತೀರಾ ಅಗತ್ಯ. ವೇಳೆ ನಮೂದಿಸದ ಗುರುತು ದಣಿದ ತಂಡವನ್ನು ಆಗಲೇ ಆರಿಹೋದ ಬೆಂಕಿಯತ್ತ ಓಡಿಸಬಲ್ಲದು.