ಪೆಟ್ರೋಲ್ ಸುರುವಿದ್ರೂ ಡೌಸ್, ಬೆಂಕಿ ಆರಿಸಿದ್ರೂ ಡೌಸ್

ರಾಣೆಬೆನ್ನೂರಿನ ಓದುಗರೊಬ್ಬರು ಪತ್ರ ಬರದಾರ. ಇಂಗ್ಲಿಷ್ ಪೇಪರಿನ ಒಂದ ಸುದ್ದಿಯೊಳಗ ಬಣವಿಗೆ ಪೆಟ್ರೋಲ್ 'ಡೌಸ್' ಮಾಡಿ ಬೆಂಕಿ ಹಚ್ಚಿದ್ರು ಅಂತನೂ ಐತಿ, ಫೈರ್ ಬ್ರಿಗೇಡ್‌ನವರು ಬಂದು ಬೆಂಕಿ 'ಡೌಸ್' ಮಾಡಿದ್ರು ಅಂತನೂ ಐತಿ, ಇದೇನ್ ಅಚ್ಚಿನ ತಪ್ಪೇನ್ರೀ ಸಂಪಾದಕರ, ಅಂತ.

ತಪ್ಪಲ್ಲರೀ, ಎರಡೂ ಖರೇನ. ಮೊದಲನೇದು ಮೈತುಂಬ ಸುರುವಿ ತೋಯಿಸೂದು, ನೀರಾದ್ರೂ ಆತು ಪೆಟ್ರೋಲ್ ಆದ್ರೂ ಆತು. ಎರಡನೇದು ಆರಿಸೂದು. ನೀರ್ ಹಾಕಿದ್ರ ಬೆಂಕಿ ಆರತೈತಲ್ಲ, ಅದಕ್ಕ ಹಿಂಗಾಗಿರಬೇಕು ಅಂತ ನಾನೂ ಭಾಳ ದಿನ ತಿಳಕೊಂಡಿದ್ದೆ, ಆದ್ರ ಡಿಕ್ಷನರಿ ತಗದ್ರ ಕತಿ ಬ್ಯಾರೇನ ಐತಿ. 16ನೇ ಶತಮಾನದಾಗ ಈ ಶಬ್ದಕ್ಕ ಹೊಡಿ, ಗುದ್ದು ಅಂತ ಅರ್ಥ ಇತ್ತು. ಆಮ್ಯಾಲೆ ಹಡಗಿನವರು ಹಾಯಿ ಗಬಕ್ಕನ ಇಳಸೂದಕ್ಕ ಅಂದ್ರು, ಗಾಳಿ ಎದ್ದಾಗ ನಮ್ಮ ಸಂತ್ಯಾಗ ತಾಡಪತ್ರಿ ಎಳದ ಕೆಡವ್ತಾರಲ್ಲ ಹಂಗ. ದೀಪ ಆರಿಸೂ ಅರ್ಥ ಬಂದಿದ್ದು 18ನೇ ಶತಮಾನದ ಕೊನಿಗೆ, ಮೇಣಬತ್ತಿಗೆ ಯಾರ್ ಕೊಡಪಾನ ನೀರ್ ಸುರುವ್ತಾರ ಹೇಳ್ರಿ! ತೋಯಿಸೂ ಡೌಸ್ ಮೂಲದಾಗ ಬ್ಯಾರೆ ಶಬ್ದನ ಇರಬಹುದು ಅನ್ನೋರೂ ಅದಾರ.

ನನಗ ಮಜಾ ಅನಿಸಿದ್ದು ನಮ್ಮ 'ಆರು'. ಅರಬಿ ಆರತಾವ, ಚಾ ಆರತೈತಿ, ಗಾಯ ಆರತೈತಿ, ಬೆಂಕೀನೂ ಆರತೈತಿ. ಅವರ ಶಬ್ದದಾಗ ತೋಯಿಸೂದು ಆರಿಸೂದು ಜೋಡಿ, ನಮ್ಮದರಾಗ ಒಣಗೂದು ಆರೂದು ಜೋಡಿ, ನೋಡ್ರಿ ಹೆಂಗ ಉಲ್ಟಾ. ದೇವರ ದೀಪಕ್ಕಂತೂ ಆರಿಸು ಅಂದ್ರ ನಮ್ಮವ್ವ ಬೈತಿದ್ಲು, 'ಶಾಂತ ಮಾಡು' ಅನ್ನಬೇಕಿತ್ತು. ಕಂಬಾರರು ಕಾಯ್ದ ಕುಡಗೋಲು ನೀರಾಗ ಅದ್ದಿದ್ರ ಚುಂಯ್ ಅಂತೈತಲ್ಲ, ಅದಕ್ಕ ಇಂಗ್ಲಿಷಿನ್ಯಾಗ ಕ್ವೆಂಚ್ ಅಂತಾರ, ನೀರಡಿಕಿ ಹೋಗಲಾಡಿಸೂದಕ್ಕೂ ಅದ.

ಇನ್ನೊಂದ ಡೌಸ್ ಐತಿ, ಕೊನಿಗೆ ಡೌಜ್ ಅಂತ ಎಳೀತಾರ, ಸ್ಪೆಲ್ಲಿಂಗಿನ್ಯಾಗ ಡಬ್ಲ್ಯೂ ಬರತೈತಿ. ಕವಲಕಡ್ಡಿ ಹಿಡದು ನೆಲದಾಗಿನ ನೀರ್ ಹುಡುಕೂದು, ನಮ್ಮ ಬೋರ್ ಪಾಯಿಂಟ್ ನೋಡೋರ ಕೆಲಸ. ಪರೀಕ್ಷೆ ಮಾಡಿ ನೋಡಿದಾಗೆಲ್ಲ ಇದು ಅಂದಾಜಿನಕಿಂತ ಹೆಚ್ಚೇನೂ ಗೆದ್ದಿಲ್ಲ. ಗದಗ ಕಡೆ ನಮ್ಮ ಹೊಲದಾಗ ಒಬ್ಬರ ಅಂಗೈ ಮ್ಯಾಲೆ ತೆಂಗಿನಕಾಯಿ ನೆಟ್ಟಗ ಎದ್ದು ನಿಂತಿತ್ತು, 400 ಫೂಟ್ ಕೊರದ್ರೂ ಬರೇ ಧೂಳ ಹಾರ್ತು. ಆ ಕಾಯಿ ಮಾತ್ರ ಚಟ್ನಿಗೆ ಆತು.