ತೂಕ ನೋಡುವ ದಿನ ಮೂರು ಲೀಟರ್ ನೀರು

ಆಪ್ತಸಲಹೆಗೆ ನನ್ನ ಬಳಿ ಬಂದ ಹುಡುಗ. ವಯಸ್ಸು 20. ಅಮೆರಿಕದ ಸಣ್ಣ ಕಾಲೇಜೊಂದರ ಫುಟ್‌ಬಾಲ್ ತಂಡದಲ್ಲಿ ಗಾರ್ಡ್. ಅಪ್ಪ ಅಮ್ಮ ಕನ್ನಡದವರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಇದು ನಮ್ಮ ಕಡೆ ಆಡುವ ಫುಟ್‌ಬಾಲ್ ಅಲ್ಲ. ಗಾರ್ಡ್ ಚೆಂಡು ಮುಟ್ಟುವುದೇ ಅಪರೂಪ. ಎದುರಿನವನನ್ನು ಮೈಯಿಂದ ತಡೆದು, ಹಿಂದೆ ನಿಂತು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕನ್ನು ಎರಡು ಮೂರು ಸೆಕೆಂಡು ಕಾಪಾಡಬೇಕು. ಮೈಕಿನಲ್ಲಿ ಅವನ ನಂಬರ್ ಕೇಳಿಸುವುದು ತಪ್ಪು ಮಾಡಿದಾಗ ಮಾತ್ರ. ದೊಡ್ಡ ಕಾಲೇಜುಗಳಲ್ಲಿ ಈ ಜಾಗದವರು ಸುಮಾರು 300 ಪೌಂಡ್, ಅಂದರೆ 136 ಕೆಜಿ ಇರುತ್ತಾರೆ. ಹುಡುಗ 245 ಪೌಂಡ್. ಕೋಚ್ ಕೇಳಿದ್ದು 270.

ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದು ಹಾಲು, ಓಟ್ಸ್, ಪೀನಟ್ ಬಟರ್ ರುಬ್ಬಿ ಕುಡಿಯುತ್ತಿದ್ದ. ಎಷ್ಟೋ ಸಲ ವಾಂತಿ. ರಜೆಗೆ ಮನೆಗೆ ಹೋದರೆ ಅಮ್ಮನಿಗೆ ಖುಷಿಯೋ ಖುಷಿ, ಮಗ ಹನ್ನೆರಡು ದೋಸೆ ತಿಂದ ಅಂತ. ಕೊನೆಯ ನಾಲ್ಕನ್ನು ನೀರು ಕುಡಿದು ಕುಡಿದು ಗಂಟಲಿಗಿಳಿಸಿದ್ದು ಅವರಿಗೆ ಗೊತ್ತಿಲ್ಲ.

ಮೊದಲ ಭೇಟಿಯಲ್ಲಿ ಬರೀ ಇಂಗ್ಲಿಷ್. ಎರಡನೆಯದರಲ್ಲಿ ಇದ್ದಕ್ಕಿದ್ದಂತೆ, “ಆಂಟಿ, ಅಮ್ಮಂಗೆ ಹೇಳಲ್ಲ ಅಲ್ವಾ?” ಅಂದ. “ನಿನ್ನ ಜೀವಕ್ಕೆ ಅಪಾಯ ಇಲ್ಲ ಅಂದ್ರೆ ಹೇಳಲ್ಲಪ್ಪ” ಅಂದೆ. ಆಗ ಬಾಯಿ ಬಿಟ್ಟ. ತೂಕ ನೋಡುವ ದಿನ ಒಂದೇ ಸಲಕ್ಕೆ ಮೂರು ಲೀಟರ್ ನೀರು ಕುಡಿದು ಹೋಗುತ್ತಿದ್ದನಂತೆ. ಪಟ್ಟಿಯಲ್ಲಿ 252 ಅಂತ ಬರೆದಿದ್ದರು.

ನಾನು ಹೆದರಿದ್ದು ಇಲ್ಲೇ. ಹೀಗೆ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರಬಹುದು, ಪ್ರಾಣವೇ ಹೋಗಬಹುದು. ಇವತ್ತೇ ನಿಲ್ಲಿಸು ಅಂದೆ. ಆಪ್ತಸಲಹೆಯಲ್ಲಿ ಅಪ್ಪಣೆ ಕೊಡಬಾರದು ಅಂತ ನಮಗೆ ಕಲಿಸಿರುತ್ತಾರೆ. ಅವತ್ತು ಕೊಟ್ಟೆ.

ಉಳಿದದ್ದು ನಿಧಾನವಾಗಿ. ಆಟಗಾರರ ಗಾಯ, ಆರೋಗ್ಯ ನೋಡಿಕೊಳ್ಳುವ ತಂಡದ ಅಥ್ಲೆಟಿಕ್ ಟ್ರೇನರ್‌ಗೆ ನಿಜವಾದ ತೂಕ ಹೇಳು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ನಮ್ಮವರಿಗೆ ಅದು ಕಡಿಮೆ ತೂಕದಲ್ಲೇ ಬರುತ್ತದೆ. ಶುಗರ್, ಬಿಪಿ ನೋಡಿಸು. ರೂಮ್‌ಮೇಟ್ ನಿನ್ನ ಗೊರಕೆಗೆ ಬೈತಾನೆ ಅಂದೆಯಲ್ಲ, ನಿದ್ದೆಯಲ್ಲಿ ಉಸಿರು ಕಟ್ಟುತ್ತದಾ ಅಂತ ಡಾಕ್ಟರಿಗೆ ಕೇಳು.

ಜೇಸನ್ ಕೆಲ್ಸಿ ಹೆಸರು ತೆಗೆದವನು ಅವನೇ. ಗಾರ್ಡ್ ಪಕ್ಕದ ಸೆಂಟರ್ ಜಾಗಕ್ಕೆ ಚಿಕ್ಕವರು ಅನ್ನಿಸಿಕೊಂಡು, 2011ರಲ್ಲಿ ಹೊಸ ಆಟಗಾರರ ಆಯ್ಕೆಯ ಆರನೇ ಸುತ್ತಿನಲ್ಲಿ ವೃತ್ತಿಪರ ತಂಡ ಫಿಲಡೆಲ್ಫಿಯಾ ಈಗಲ್ಸ್ ಸೇರಿ, 13 ಸೀಸನ್ ಆಡಿದವರು. “ಸರಿ, ಆದ್ರೆ ನಿನ್ನ ಕಾಲೇಜು ಡಿವಿಷನ್ 3, ಕಾಲೇಜು ಆಟದಲ್ಲಿ ಮೂರನೇ ದರ್ಜೆ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ಪೇ ಇಲ್ಲ. ಈ 25 ಪೌಂಡ್ ಯಾರಿಗೋಸ್ಕರ?” ಅಂತ ಕೇಳಿದೆ. ಸುಮ್ನೆ ಕೂತಿದ್ದ.

ಮೂರು ವಾರ ಬಿಟ್ಟು ಬಂದ. ಬೆಳಿಗ್ಗೆ ಏನೂ ಕುಡಿಯದೆ ನಿಂತನಂತೆ, 244. ಆ ಶನಿವಾರ ಅವನನ್ನು ಆಡಿಸಲಿಲ್ಲ. ಹೇಳುವಾಗ ಅತ್ತ. ರಾತ್ರಿ ಅಲಾರಂ ಮಾತ್ರ ಈಗ ಇಡುತ್ತಿಲ್ಲವಂತೆ.