ಮಗಳ ಮೈಕ್ರೋಬಯಾಲಜಿ ಪ್ರಾಕ್ಟಿಕಲ್ ಬಗ್ಗೆ ಕೇಳಿದ್ದಿರಲ್ಲ, ಸ್ವಲ್ಪ ಉದ್ದದ ಉತ್ತರ

ಅಣ್ಣಾ, ಈ ಪ್ರಶ್ನೆ ಅಣಬೆ ಗುಂಪಿಗೆ ಸಂಬಂಧ ಇಲ್ಲ ಅಂತ ಮೇಲೆ ಇಬ್ಬರು ಬರೆದಿದ್ದಾರೆ. ನನಗೆ ಹಾಗನಿಸುವುದಿಲ್ಲ. ಮಗಳು ಎಂ.ಎಸ್ಸಿ. ಮೈಕ್ರೋಬಯಾಲಜಿ ಸೇರಿದ್ದಾಳೆ, ಕ್ರಿಮಿ ಬೆಳೆಸಲು ಹಾಕಿದ ಪ್ಲೇಟೆಲ್ಲ ಕಂಟಾಮಿನೇಷನ್ ಆಗುತ್ತಿದೆ (ಬೇಡದ ಕ್ರಿಮಿ ಸೇರುತ್ತಿದೆ), ಮುಂದಿನ ಸೆಮಿಸ್ಟರಿಗೆ ಇಮ್ಯುನಾಲಜಿ (ರೋಗನಿರೋಧಕ ಶಕ್ತಿಯ ವಿಷಯ) ಬೇರೆ ಇದೆ, ಲ್ಯಾಬ್ ಅಂದರೆ ಹೆದರುತ್ತಾಳೆ, ಏನು ಮಾಡಲಿ ಅಂತ ಕೇಳಿದ್ದೀರಿ. ಸ್ಪಾನ್ (ಅಣಬೆ ಬೀಜ) ಬಾಟಲಿಗೆ ಹಸಿರು ಬೂಷ್ಟು ಬಂತು ಅಂತ ನಾವೆಲ್ಲ ಇಲ್ಲಿ ಗೋಳಾಡುವುದೂ ಅದೇ ತಾನೇ? ನಾನೂ ಅದೇ ಓದಿ, ರೋಗ ಪತ್ತೆ ಲ್ಯಾಬಿನಲ್ಲಿ ಕೆಲಸ ಮಾಡಿ, ಈಗ ಸ್ಪಾನ್ ಮಾಡಿಕೊಂಡಿರುವುದರಿಂದ ಬರೆಯುತ್ತಿದ್ದೇನೆ.

ಲ್ಯಾಬ್ ಮ್ಯಾನ್ಯುಯಲ್ ನೋಡಿದರೆ ಹತ್ತಾರು ಪ್ರಯೋಗ ಕಾಣುತ್ತದೆ, ಅದಕ್ಕೇ ಹೆದರಿಕೆ. ಕೈಗೆ ಬರಬೇಕಾದ ಕೆಲಸ ಮಾತ್ರ ಕೆಲವೇ. ಕ್ರಿಮಿ ಸೇರದಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು, ಸರಿಯಾಗಿ ಅಳೆದು ತೆಳು ಮಾಡುವುದು, ಸ್ಲೈಡ್ ಮಾಡಿ ಬಣ್ಣ ಹಾಕುವುದು, ಪಿಪೆಟ್ ಹಿಡಿಯುವುದು, ತೊಳೆಯುವುದು. ಇಮ್ಯುನಾಲಜಿ ಲ್ಯಾಬಿನಲ್ಲಿ ಮುಕ್ಕಾಲು ಪಾಲು ಕೊನೆಯ ಎರಡೇ.

ಮೊದಲು ಕಂಟಾಮಿನೇಷನ್. ಕೆಟ್ಟ ಪ್ಲೇಟನ್ನು ನೋಡಿದ ಕೂಡಲೇ ಬಿಸಾಡಬೇಡ ಅಂತ ಹೇಳಿ. ಅದನ್ನು ಓದಬೇಕು. ಲೂಪಿನಿಂದ (ಕ್ರಿಮಿ ಹಚ್ಚುವ ತಂತಿಯ ಕುಣಿಕೆ) ಎಳೆದ ಗೆರೆಯ ಮೇಲೇ ಬೇರೆ ಥರದ ಕಾಲೊನಿ (ಕ್ರಿಮಿ ಬೆಳೆದ ಚುಕ್ಕೆ) ಬಂದಿದ್ದರೆ ಮೂಲ ಕಲ್ಚರೇ (ಬೆಳೆಸಿಟ್ಟ ಕ್ರಿಮಿ) ಶುದ್ಧ ಇಲ್ಲ, ಇಲ್ಲವೇ ಲೂಪ್ ಸರಿಯಾಗಿ ಕೆಂಪಗೆ ಕಾದಿಲ್ಲ. ಗೆರೆ ಬಿಟ್ಟು ಅಲ್ಲೊಂದು ಇಲ್ಲೊಂದು ಬಂದಿದ್ದರೆ ಗಾಳಿಯಿಂದ ಬಂದದ್ದು, ಮುಚ್ಚಳ ಜಾಸ್ತಿ ಹೊತ್ತು ತೆರೆದಿಟ್ಟಿದ್ದಾಳೆ. ಪ್ಲೇಟಿನಲ್ಲಿ ಗಟ್ಟಿಯಾದ ಅಗರ್ ಒಳಗೇ ಹುದುಗಿಕೊಂಡು ಬೆಳೆದಿದ್ದರೆ ಮೀಡಿಯಾ (ಕ್ರಿಮಿಗೆ ಕೊಡುವ ಆಹಾರ) ಸರಿಯಾಗಿ ಬೆಂದಿಲ್ಲ, ಅಥವಾ ಸುರಿಯುವಾಗಲೇ ಸೇರಿದೆ. ಕಾಲೊನಿಗಳು ನೀರು ಹರಿದ ಹಾಗೆ ಉದ್ದಕ್ಕೆ ಹರಡಿದ್ದರೆ ಮುಚ್ಚಳದಿಂದ ಹನಿ ಬಿದ್ದಿದೆ, ಪ್ಲೇಟನ್ನು ತಲೆಕೆಳಗಾಗಿ ಇಡಬೇಕಿತ್ತು.

ಇದೆಲ್ಲ ಗೊತ್ತಾಗಬೇಕಾದರೆ ಪ್ರತಿ ಸಲವೂ ಮೀಡಿಯಾ ಮಾತ್ರ ಇರುವ, ಕ್ರಿಮಿ ಹಾಕದ ಒಂದು ಖಾಲಿ ಪ್ಲೇಟನ್ನು ಜೊತೆಯಲ್ಲಿ ಇನ್‌ಕ್ಯುಬೇಟರಿಗೆ ಇಡಬೇಕು. ಇನ್ನೊಂದನ್ನು ಕೆಲಸ ಮಾಡುವಷ್ಟು ಹೊತ್ತು ಅಲ್ಲೇ ಮುಚ್ಚಳ ತೆಗೆದಿಡಬೇಕು, ಗಾಳಿಯಿಂದ ಎಷ್ಟು ಬೀಳುತ್ತದೆ ಅಂತ ನೋಡಲು. ಮುಚ್ಚಿಟ್ಟ ಖಾಲಿ ಪ್ಲೇಟಿನಲ್ಲೂ ಬೆಳೆದರೆ ತಪ್ಪು ಅವಳ ಕೈಯದ್ದಲ್ಲ, ಆಟೋಕ್ಲೇವ್ (ಹಬೆಯ ಒತ್ತಡದಲ್ಲಿ ಕ್ರಿಮಿ ಕೊಲ್ಲುವ ಪಾತ್ರೆ) ಅಥವಾ ಮೀಡಿಯಾದ್ದು. ಬಹಳಷ್ಟು ಕಡೆ ಮೀಡಿಯಾ ಉಳಿಸಲು ಈ ಕಂಟ್ರೋಲ್ ಪ್ಲೇಟನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ಮಕ್ಕಳು ಸುಮ್ನೆ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಆಟೋಕ್ಲೇವ್ ಬಗ್ಗೆ ಒಂದು ವಿಷಯ, ಇದು ಸ್ಪಾನ್ ಮಾಡುವವರಿಗೂ. 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ ಅಂತ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಆದರೆ ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗದಿದ್ದರೆ ಮುಳ್ಳು 15 ತೋರಿಸಿದರೂ ಒಳಗೆ 121 ಡಿಗ್ರಿ ಇರುವುದಿಲ್ಲ. ಹಬೆ ಜೋರಾಗಿ ಒಂದೇ ಸಮ ಬರಲು ಶುರುವಾದ ಮೇಲೇ ವಾಲ್ವ್ ಮುಚ್ಚಬೇಕು, ಕುಕ್ಕರ್ ಆದರೆ ಆಮೇಲೆ ವೆಯ್ಟ್ ಇಡಬೇಕು. ಸಮಯ ಎಣಿಸುವುದು ಒತ್ತಡ ಏರಿದ ಮೇಲಿಂದ. ಲೀಟರುಗಟ್ಟಲೆ ಮೀಡಿಯಾ ಇರುವ ಫ್ಲಾಸ್ಕಿಗೆ 15 ನಿಮಿಷ ಸಾಲದು, ಕಾಳು ತುಂಬಿದ ಬಾಟಲಿಗಂತೂ ಇನ್ನೂ ಜಾಸ್ತಿ ಬೇಕು.

ಸ್ಪಿರಿಟ್ ಕೂಡ ಅಷ್ಟೆ. ಶುದ್ಧ ಆಲ್ಕೋಹಾಲ್ ಇನ್ನೂ ಒಳ್ಳೆಯದು ಅಂದುಕೊಂಡು ಹಾಗೇ ಒರೆಸುತ್ತಾರೆ. 70 ಪರ್ಸೆಂಟೇ ಒಳ್ಳೆಯದು. ಸ್ವಲ್ಪ ನೀರಿದ್ದರೇ ಅದು ಕ್ರಿಮಿಯ ಪ್ರೋಟೀನನ್ನು ಕೆಡಿಸುವುದು, ಬೇಗ ಆರಿಯೂ ಹೋಗುವುದಿಲ್ಲ. ಒರೆಸಿದ ಕೈ ಪೂರ್ತಿ ಆರುವವರೆಗೆ ಬರ್ನರ್ ಹತ್ತಿರ ಹೋಗಬಾರದು, ಇದನ್ನು ಎರಡು ಸಲ ಹೇಳಿ.

ಮನೆಗೆ ಬಂದಾಗ ಅಭ್ಯಾಸ ಮಾಡಿಸಬಹುದು, ನಿಮ್ಮ ಸ್ಪಾನ್ ಕೋಣೆ ಇದೆಯಲ್ಲ. ಒಂದು ಲೀಟರಿಗೆ 200 ಗ್ರಾಂ ಆಲೂಗಡ್ಡೆ ಬೇಯಿಸಿದ ನೀರು, 20 ಗ್ರಾಂ ಡೆಕ್ಸ್‌ಟ್ರೋಸ್, 15ರಿಂದ 20 ಗ್ರಾಂ ಅಗರ್. ಬೆಂದ ಮೇಲೆ 50 ಡಿಗ್ರಿ ಆಸುಪಾಸಿಗೆ ಇಳಿದಾಗ ಸುರಿಯಬೇಕು. ತೀರಾ ಬಿಸಿ ಇದ್ದರೆ ಮುಚ್ಚಳದಲ್ಲಿ ನೀರು ಕೂರುತ್ತದೆ, 40ರ ಹತ್ತಿರ ಬಂದರೆ ಗಂಟು ಕಟ್ಟುತ್ತದೆ. ಚಿಪ್ಪು ಅಣಬೆಯ ಒಳತಿರುಳನ್ನು ಅದಕ್ಕೆ ಹಾಕಿ ಶುದ್ಧ ಕಲ್ಚರ್ ತೆಗೆಯಲಿ. ಬ್ರೆಡ್ ಯೀಸ್ಟನ್ನು ಗೆರೆ ಎಳೆದು ಬಿಡಿ ಬಿಡಿ ಕಾಲೊನಿ ಬರಿಸಲಿ. ಅಷ್ಟಕ್ಕೇ ನಿಲ್ಲಿಸಿ. ಕೊಟ್ಟಿಗೆಯದ್ದು, ಗಾಯದ್ದು, ರಕ್ತ, ಚರಂಡಿ ನೀರು ಇವನ್ನೆಲ್ಲ ಮನೆಯಲ್ಲಿ ಬೆಳೆಸುವುದು ಬೇಡವೇ ಬೇಡ.

ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ನೇರಳೆ, ಕೆಂಪು ಅಂತ ಎರಡು ಗುಂಪು ಮಾಡುವ ಗ್ರಾಂ ಸ್ಟೇನ್ 1884ರ ವಿದ್ಯೆ, ಇವತ್ತಿಗೂ ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆ) ಮೊದಲ ಪ್ರಶ್ನೆ ಅದೇ. ಕೆಡುವುದು ಹೆಚ್ಚಾಗಿ ಆಲ್ಕೋಹಾಲ್ ಹಾಕುವ ಹಂತದಲ್ಲಿ. ಕೆಲವೇ ಸೆಕೆಂಡು ಜಾಸ್ತಿಯಾದರೆ ನೇರಳೆ ಇರಬೇಕಾದದ್ದೂ ಕೆಂಪಾಗುತ್ತದೆ. ಸ್ಲೈಡಿಗೆ ಸವರಿದ ಸ್ಮಿಯರ್ ದಪ್ಪ ಇದ್ದರೆ ಉಲ್ಟಾ. ಹಳೇ ಕಲ್ಚರ್ ತಗೊಂಡರೂ ಮೋಸ, 18ರಿಂದ 24 ಗಂಟೆಯದ್ದೇ ಬೇಕು. ಒಂದೇ ಸ್ಲೈಡಿನಲ್ಲಿ ಗೊತ್ತಿರುವ ಸ್ಟೆಫೈಲೊಕಾಕಸ್ (ನೇರಳೆ), ಗೊತ್ತಿರುವ ಇ. ಕೋಲೈ (ಕೆಂಪು), ನಡುವೆ ಗೊತ್ತಿಲ್ಲದ್ದು ಹೀಗೆ ಹಾಕಿದರೆ ಅನುಮಾನವೇ ಉಳಿಯುವುದಿಲ್ಲ.

ಬ್ಯಾಕ್ಟೀರಿಯಾ ಎಣಿಕೆ ಲೆಕ್ಕ ಬಹಳ ಜನಕ್ಕೆ ತಲೆನೋವು, ಹಾಗಾಗಿ ಒಂದು ಉದಾಹರಣೆ ಕೊಡುತ್ತೇನೆ. ರೈಜೋಬಿಯಂ (ಬ್ಯಾಕ್ಟೀರಿಯಾ ಗೊಬ್ಬರ) ಪ್ಯಾಕೆಟಿನ 10 ಗ್ರಾಂ ಪುಡಿಯನ್ನು 90 ಮಿಲಿ ಸ್ಟೆರೈಲ್ ನೀರಿಗೆ ಹಾಕಿದರೆ ಹತ್ತು ಪಟ್ಟು ತೆಳುವಾಯಿತು. ಅದರಿಂದ 1 ಮಿಲಿ ತೆಗೆದು 9 ಮಿಲಿಗೆ, ಹೀಗೇ ಮುಂದುವರಿಸಿ ಒಟ್ಟು ಲಕ್ಷ ಪಟ್ಟು ತೆಳು ಮಾಡಿ, 0.1 ಮಿಲಿ ಹರಡಿದೆವು ಅನ್ನಿ. 62 ರೈಜೋಬಿಯಂ ಕಾಲೊನಿ ಬಂದವು. 62 ಗುಣಿಸು 10 (ಹರಡಿದ್ದು 0.1 ಮಿಲಿ ಮಾತ್ರ) ಗುಣಿಸು 1 ಲಕ್ಷ, ಅಂದರೆ ಗ್ರಾಂಗೆ 6 ಕೋಟಿ 20 ಲಕ್ಷ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ರೈಜೋಬಿಯಂ ಗೊಬ್ಬರದಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಇರಬೇಕು, ಆದ್ದರಿಂದ ಎಣಿಕೆಯಲ್ಲಿ ಈ ಪ್ಯಾಕೆಟ್ ಪಾಸ್. 30ರಿಂದ 300 ಕಾಲೊನಿ ಇರುವ ಪ್ಲೇಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಪ್ರತಿ ಟ್ಯೂಬಿಗೂ ಹೊಸ ಟಿಪ್. ಚೆನ್ನಾಗಿ ಕಲಕದೆ ಮುಂದಿನ ಟ್ಯೂಬಿಗೆ ಹೋದರೆ ಲೆಕ್ಕವೆಲ್ಲ ನೀರಲ್ಲಿ ಹೋಮ.

ಇನ್ನು ಇಮ್ಯುನಾಲಜಿ. ಅಲ್ಲಿ ಕಿಟ್ ದುಬಾರಿ. ಕಾಲೇಜಿನಲ್ಲಿ ಒಂದು ಕಿಟ್ಟಿನ ಸುತ್ತ ಇಡೀ ಬ್ಯಾಚ್ ನಿಂತು ಒಬ್ಬರು ಮಾಡುವುದನ್ನು ನೋಡುತ್ತಾರೆ, ರೆಕಾರ್ಡಿನಲ್ಲಿ ಮಾತ್ರ ಎಲ್ಲರಿಗೂ ಒಂದೇ ರಿಸಲ್ಟ್. ಅದಕ್ಕೆ ಪಿಪೆಟ್ ಕೈ ಮೊದಲೇ ತಯಾರಿರಬೇಕು. ಕಿಟ್ ಬೇಕಾಗಿಲ್ಲ. ಡಿಜಿಟಲ್ ತಕ್ಕಡಿ ಮೇಲೆ 100 ಮೈಕ್ರೋಲೀಟರ್ ನೀರು ಹಾಕಿದರೆ 0.1 ಗ್ರಾಂ ತೋರಿಸಬೇಕು, ಪ್ರತಿ ಸಲವೂ. ಹೀರುವಾಗ ಮೊದಲನೇ ನಿಲುಗಡೆವರೆಗೆ ಮಾತ್ರ ಒತ್ತಬೇಕು, ಬಿಡುವಾಗ ಎರಡನೆಯದರವರೆಗೆ. ನಿಧಾನಕ್ಕೆ. ನೀರು ತುಂಬಿದ ಪಿಪೆಟನ್ನು ಮಲಗಿಸಬಾರದು. ಹಳೇ 96 ಗುಂಡಿಯ ಪ್ಲೇಟು ಸಿಕ್ಕರೆ ಅಡುಗೆ ಬಣ್ಣದ ನೀರನ್ನು ಒಂದು ಗುಂಡಿಯಿಂದ ಇನ್ನೊಂದಕ್ಕೆ ಅರ್ಧ ಅರ್ಧ ತೆಳು ಮಾಡುತ್ತಾ ಹೋಗಲಿ. ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಕೈ ಸರಿ ಇದೆ.

ಆ ಅರ್ಧ ಅರ್ಧ ತೆಳು ಮಾಡುವುದೇ ಟೈಫಾಯ್ಡ್ ಪತ್ತೆಯ ವಿಡಾಲ್ ಟ್ಯೂಬ್ ಟೆಸ್ಟಿನ ಜೀವ. ರೋಗಿಯ ಸೀರಂ (ರಕ್ತದ ತಿಳಿ) ಅನ್ನು 20 ಪಟ್ಟು, 40, 80, 160 ಹೀಗೆ ತೆಳು ಮಾಡಿ, ಕೊನೆಗೆ ಯಾವ ಟ್ಯೂಬಿನವರೆಗೆ ಗಂಟುಗಟ್ಟಿತೋ ಅದೇ ಟೈಟರ್. ಆಂಟಿಬಾಡಿ (ರೋಗಾಣುವಿಗೆ ಅಂಟಿಕೊಳ್ಳುವ ರಕ್ತದ ಪ್ರೋಟೀನ್) ವಿಪರೀತ ಇದ್ದರೆ ಮೊದಲ ಟ್ಯೂಬುಗಳಲ್ಲಿ ಗಂಟೇ ಕಟ್ಟದೆ ಮುಂದಿನವುಗಳಲ್ಲಿ ಕಟ್ಟಬಹುದು, ಪ್ರೋಜೋನ್ ಅನ್ನುತ್ತಾರೆ. ದನಗಳ ಬ್ರುಸೆಲ್ಲಾ (ಗರ್ಭಪಾತ ತರುವ ಬ್ಯಾಕ್ಟೀರಿಯಾ) ಟೆಸ್ಟಿನಲ್ಲೂ ಇದು ಬರುತ್ತದೆ. ಬರೀ ಮೊದಲ ಟ್ಯೂಬ್ ನೋಡಿ ನೆಗೆಟಿವ್ ಅಂದರೆ ಹಸುವಿನ ಕಥೆ ಮುಗೀತು.

ಎಲೈಸಾದಲ್ಲಿ (ಆಂಟಿಬಾಡಿ ಅಂಟಿದ್ದನ್ನು ಬಣ್ಣದಿಂದ ಪತ್ತೆ ಮಾಡುವ ಟೆಸ್ಟ್) ತೊಳೆಯುವುದೇ ಮುಖ್ಯ. ಅಂಟಿಕೊಳ್ಳದ ಆಂಟಿಬಾಡಿ ಉಳಿದರೆ ನೆಗೆಟಿವ್ ಗುಂಡಿಯೂ ನೀಲಿಯಾಗುತ್ತದೆ. ಪ್ರತಿ ಸಲ ಗುಂಡಿ ತುಂಬಿಸಿ, ಚೆಲ್ಲಿ, ಪ್ಲೇಟನ್ನು ಟಿಶ್ಯೂ ಪೇಪರಿನ ಮೇಲೆ ಬೋರಲು ಹಾಕಿ ಗಟ್ಟಿಯಾಗಿ ಬಡಿಯಬೇಕು, ಹಾಗಂತ ಒಣಗಲೂ ಬಿಡಬಾರದು. ಬಫರಿನಲ್ಲಿ ಸೋಡಿಯಂ ಅಜೈಡ್ ಇದೆಯಾ ನೋಡಲಿ, ಅದು ಬಣ್ಣ ಬರಿಸುವ ಎಚ್‌ಆರ್‌ಪಿ ಎಂಜೈಮನ್ನು ಕೆಲಸ ಮಾಡಲು ಬಿಡುವುದಿಲ್ಲ. ಒಂದೊಂದು ಸ್ಯಾಂಪಲ್ಲಿಗೂ ಎರಡೆರಡು ಗುಂಡಿ, ಜೊತೆಗೆ ಬ್ಲಾಂಕ್, ಪಾಸಿಟಿವ್, ನೆಗೆಟಿವ್. ಎರಡು ಗುಂಡಿಗಳ ರೀಡಿಂಗ್ ತುಂಬಾ ಬೇರೆ ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಪಿಪೆಟ್ ಹಿಡಿದ ಕೈಯನ್ನು.

ರಿಸಲ್ಟ್ ಬರದಿದ್ದರೆ ಬರಲಿಲ್ಲ ಅಂತಲೇ ಬರೆಯಲಿ, ಜೊತೆಗೆ ಯಾಕೆ ಅಂತ ಎರಡು ಸಾಲು. ಸೀನಿಯರ್ ರೆಕಾರ್ಡ್ ನಕಲು ಮಾಡಿದವರು ಕೆಲಸದ ಇಂಟರ್‌ವ್ಯೂನಲ್ಲಿ ಒಂದೇ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ, ನೋಡಿದ್ದೇನೆ. ಲ್ಯಾಬ್ ಅಸಿಸ್ಟೆಂಟ್ ಅಣ್ಣನ ಹತ್ತಿರ ಚೆನ್ನಾಗಿರಲು ಹೇಳಿ. ಮೀಡಿಯಾ ಮಾಡುವ ದಿನ ಜೊತೆಗೆ ನಿಂತರೆ ಕ್ಲಾಸಿಗಿಂತ ಜಾಸ್ತಿ ಕಲಿಯುತ್ತಾಳೆ.

ಕೊನೆಯದು, ರಕ್ತದ ಪ್ರಾಕ್ಟಿಕಲ್ ಶುರುವಾಗುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ವಿಚಾರಿಸಿ. ಆಗಿಲ್ಲದಿದ್ದರೆ ಈಗಲೇ ಶುರು ಮಾಡಿ, ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು. ಬ್ಲಡ್ ಗ್ರೂಪಿಂಗಿಗೆ ಒಬ್ಬರಿಗೆ ಒಂದೇ ಲ್ಯಾನ್ಸೆಟ್ (ಬೆರಳು ಚುಚ್ಚುವ ಸೂಜಿ), ಯಾರೇ ಹೇಳಿದರೂ ಇನ್ನೊಬ್ಬರು ಚುಚ್ಚಿಕೊಂಡದ್ದನ್ನು ಮುಟ್ಟಬಾರದು.